ವೈನಿ ಹೇಳಿರಲಿಲ್ಲ

ಶೈಲಕ್ಕನ ಮದುವೆಯ ಮಾತು ಮುರಿದದ್ದು ನನ್ನಿಂದ, ವೈನಿ. ನಿಮ್ಮಿಂದಲ್ಲ. ಅಕ್ಕನಿಗೆ ಫಿಟ್ಸ್ ಇರುವುದು ಬಬಲೇಶ್ವರದವರಿಗೆ ತಿಳಿದದ್ದು ನಾನು ಬರೆದದ್ದರಿಂದ. ಅವ್ವ ನಿಮ್ಮನ್ನು ನಿಲ್ಲಿಸಿ ಕೇಳುವುದಕ್ಕೆ ಎರಡು ದಿನ ಮೊದಲೇ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಬಾಯಿ ಬಿಡಲಿಲ್ಲ.

ಹೇಗಾಯಿತೆಂದು ಪೂರ್ತಿ ಬರೆಯುತ್ತೇನೆ. ಅರ್ಧ ಹೇಳಿದರೆ ಅದೂ ಮುಚ್ಚಿಟ್ಟಂತೆಯೇ.

ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ತಿಕೋಟಾದಿಂದ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ, ಸ್ಟೇಷನ್ ರಸ್ತೆಯ ಒಂದು ಅಂಗಡಿಯ ಮಹಡಿಯಲ್ಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್ ಪೇಜ್ ಮಾಡುವುದನ್ನು ಕಲಿಯುವ ಆಸೆಯಾಯಿತು. ಅವ್ವ ಬೇಡವೆಂದಳು. "ಹೋಗಿ ಬರ್ಲಿ ಬಿಡ್ರಿ ಅತ್ತಿ, ಮುಂಜಾನಿ ಕೆಲಸ ಎಲ್ಲಾ ನಾ ನೋಡ್ಕೋತೀನಿ" ಎಂದವರು ಅಣ್ಣನ ಕೈಹಿಡಿದು ಈ ಮನೆಗೆ ಬಂದಿದ್ದ ನೀವು. ನಾನು ಕಲಿತದ್ದು ನೀವು ಬಿಡಿಸಿಕೊಟ್ಟ ಆ ಹೊತ್ತಿನಲ್ಲಿ.

ಕಲಿಯುವುದು ಸುಲಭವಿರಲಿಲ್ಲ. ಅಕ್ಷರ ದಪ್ಪ ಮಾಡುವ ಗುರುತನ್ನು ಮುಚ್ಚಲು ಮರೆತರೆ ಇಡೀ ಪುಟವೇ ದಪ್ಪಕ್ಷರವಾಗಿಬಿಡುತ್ತಿತ್ತು. ಕನ್ನಡ ಬರೆದರೆ ಬರೀ ಚೌಕಗಳು ಮೂಡುತ್ತಿದ್ದವು. ಕೊನೆಗೊಂದು ದಿನ ನನ್ನ ಹೆಸರು — ಸವಿತಾ ಎಂದು — ಕನ್ನಡದಲ್ಲೇ ಪರದೆಯ ಮೇಲೆ ಕಂಡಾಗ ಮೊದಲು ತೋರಿಸಿದ್ದು ನಿಮಗೆ. ರೊಟ್ಟಿ ಬಡಿಯುತ್ತಿದ್ದ ಕೈ ಸೆರಗಿಗೆ ಒರೆಸಿಕೊಂಡು, ಮೊಬೈಲನ್ನು ಕಣ್ಣ ಹತ್ತಿರ ಹಿಡಿದು, "ಖರೇನ ಇದು ನೀನ ಮಾಡಿದ್ದೇನ?" ಎಂದು ಎರಡು ಸಲ ಕೇಳಿದಿರಿ.

ಆಮೇಲೆ ನನ್ನದೇ ಒಂದು ಬ್ಲಾಗ್ ಕಟ್ಟತೊಡಗಿದೆ. ಅಪ್ಪನ ಒಣದ್ರಾಕ್ಷಿ ಶೆಡ್ಡಿನ ಫೋಟೊಗಳು, ಬಸ್ಸಿನಲ್ಲಿ ಕಂಡವರ ಬಗ್ಗೆ ನಾಲ್ಕು ಸಾಲು — ಅಷ್ಟೇ. ಅದೇ ದಿನಗಳಲ್ಲಿ ಸರ್ ಕ್ಲಾಸಿನಲ್ಲಿ ಒಂದು ಗುರುತು ಕಲಿಸಿದರು. "ಈ ಎರಡು ಗುರುತಿನ ನಡುವ ಬರದದ್ದು ಪೇಜಿನ ಮ್ಯಾಲ ಕಾಣಂಗಿಲ್ಲ. ನಿಮ್ಮ ನೆನಪಿಗೆ ಅಂತ ಬರ್ಕೊಳ್ರಿ. ಇದಕ್ಕ ಕಾಮೆಂಟ್ ಅಂತಾರ" ಎಂದರು. ಕಾಣುವುದಿಲ್ಲ — ಆ ಒಂದು ಮಾತನ್ನು ಹಿಡಿದುಕೊಂಡೆ. ಮುಂದೆ ಅವರು ಏನು ಹೇಳಿದರೋ, ನಾನು ಕೇಳಿಸಿಕೊಳ್ಳಲಿಲ್ಲ. ಬೀಗವಿಲ್ಲದ ನಮ್ಮ ಮನೆಯಲ್ಲಿ ನನಗೊಂದು ಬೀಗದ ಪೆಟ್ಟಿಗೆ ಸಿಕ್ಕಿತೆಂದು ಹಿಗ್ಗಿದೆ. ಯಾರಿಗೂ ಹೇಳಲಾಗದ್ದನ್ನೆಲ್ಲ ಅಲ್ಲಿ ಬರೆಯುತ್ತ ಹೋದೆ.

ಆಗಲೇ ಶೈಲಕ್ಕನನ್ನು ನೋಡಲು ಬಬಲೇಶ್ವರದಿಂದ ಬಂದರು. ನಿಮ್ಮ ತವರೂರೂ ಅದೇ. ಅಕ್ಕನಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ತಪ್ಪಿಸದಿದ್ದರೆ ವರ್ಷಗಟ್ಟಲೆ ಬರುತ್ತಿರಲಿಲ್ಲ. ಅದನ್ನು ಯಾರೂ ಎತ್ತಬಾರದೆಂದು ಅವ್ವ ನಮಗೆಲ್ಲ ತಾಕೀತು ಮಾಡಿದ್ದಳು. ವರ ವಿಜಯಪುರದ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದವರು. ಚಹಾ ಕೊಡುವಾಗ ನಾನೇ ಮುಂದಾಗಿ ನನ್ನ ಬ್ಲಾಗಿನ ಸುದ್ದಿ ತೆಗೆದೆ. ಯಾರೂ ಕೇಳಿರಲಿಲ್ಲ. ಮೆಚ್ಚಲಿ ಎಂಬ ಚಪಲ. "ಲಿಂಕ್ ಕಳಸ್ರಿ, ನೋಡತೀನಿ" ಎಂದರು. ಅಲ್ಲೇ ನಿಂತು ಕಳಿಸಿದೆ.

ಆ ಪುಟದ ಕಾಮೆಂಟಿನಲ್ಲಿ ಏನಿತ್ತು ಗೊತ್ತೇ? "ಅಕ್ಕನ ಫಿಟ್ಸಿನ ವಿಷಯ ಬಬಲೇಶ್ವರದವರಿಗೆ ಹೇಳದೆ ಮದುವೆ ಮಾಡಬೇಕೆಂದಿದ್ದಾರೆ. ಇದು ಮೋಸವಲ್ಲವೇ?" ಹಿಂದಿನ ವಾರ ಬರೆದದ್ದು. ಸತ್ಯವನ್ನೇ ಬರೆದಿದ್ದೆನಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಮೋಸ ಅನ್ನಿಸಿದ್ದರೆ ಅವ್ವನ ಎದುರು ಹೇಳಬೇಕಿತ್ತು. ಅದಕ್ಕೆ ಧೈರ್ಯವಿರಲಿಲ್ಲ — ಬರೆಯುವುದಕ್ಕೆ ಮಾತ್ರ ಇತ್ತು.

ಮೂರನೆಯ ದಿನ ಕ್ಲಾಸಿನಲ್ಲಿದ್ದಾಗ ಆ ವರನ ಮೆಸೇಜ್ ಬಂತು. "ಪೇಜ್ ಹೆಂಗ ಮಾಡೀರಿ ಅಂತ ಅದರ ಸೋರ್ಸ್ ತಗದ ನೋಡಿದೆ. ಕಾಮೆಂಟಿನ್ಯಾಗ ಬರದದ್ದು ಅಲ್ಲಿ ಯಾರಿಗಾದರೂ ಕಾಣತೈತ್ರಿ. ಮೊದಲ ಅಳಸ್ರಿ. ನಿಮ್ಮ ಹೆಸರು ನಾ ಯಾರ ಮುಂದೂ ಹೇಳಂಗಿಲ್ಲ."

ಮೌಸಿನ ಬಲಗುಂಡಿ ಒತ್ತಿ, ಅವರೆಂದ ಸೋರ್ಸನ್ನು — ಪುಟದ ಹಿಂದಿರುವ ಮೂಲ ಬರಹವನ್ನು — ತೆರೆದು ನೋಡಿದೆ. ಇತ್ತು. ಒಂದಕ್ಷರ ಬಿಡದೆ ಎಲ್ಲವೂ ಇತ್ತು. ಅಳಿಸಿದೆ. ಬ್ಲಾಗನ್ನೇ ತೆಗೆದುಹಾಕಿದೆ. ಕೊನೆಗೆ ಅವರ ಮೆಸೇಜನ್ನೂ ಅಳಿಸಿದೆ. ಅಲ್ಲಿಯವರೆಗಿನದು ತಿಳಿಯದೆ ಮಾಡಿದ್ದು. ಆ ಮೆಸೇಜ್ ಅಳಿಸಿದ್ದು ತಿಳಿದೇ ಮಾಡಿದ್ದು.

ಎರಡು ದಿನದ ಮೇಲೆ ಅವರ ಕಾಕಾ ಅಪ್ಪನಿಗೆ ಫೋನ್ ಮಾಡಿ, "ಸುದ್ದಿ ನಿಮ್ಮ ಮನಿಯಿಂದನ ಬಂದೈತ್ರಿ. ಇನ್ನ ಹೆಚ್ಚಿಗಿ ಕೇಳಬ್ಯಾಡ್ರಿ" ಎಂದು ಮಾತು ಮುಗಿಸಿದರು. ನಮ್ಮ ಮನೆಯಿಂದ — ಬಬಲೇಶ್ವರಕ್ಕೆ. ಅವ್ವನಿಗೆ ಅಷ್ಟೇ ಸಾಕಾಯಿತು.

ನೀವು ಪಡಸಾಲೆಯಲ್ಲಿ ಕೂಸಿಗೆ ಅನ್ನ ಉಣಿಸುತ್ತಿದ್ದಿರಿ.

"ತವರಿಗೆ ಸುದ್ದಿ ಮುಟ್ಟಿಸಿದಿ. ಈಗ ಹೊಟ್ಟಿ ತಣ್ಣಗಾತೇನ?" ಎಂದಳು ಅವ್ವ.

"ನಾ ಯಾರಿಗೂ ಹೇಳಿಲ್ರಿ ಅತ್ತಿ. ಈ ಕೂಸಿನ ಆಣಿ ಮಾಡತೀನ್ರಿ." ಅಣ್ಣ ತಲೆ ತಗ್ಗಿಸಿ ನಿಂತಿದ್ದ. ನೀವು ಅವನತ್ತ ನೋಡಿ, ಆಮೇಲೆ ನನ್ನತ್ತ ತಿರುಗಿದಿರಿ. "ಸವಿತಾ, ನೀನರ ಹೇಳವಾ. ನಾ ಅಂಥಾಕಿ ಏನ?"

"ನನಗೇನ ಗೊತ್ರಿ ವೈನಿ" ಎಂದೆ.

ಎಷ್ಟು ಬೇಗ ಅಂದೆ ನೋಡಿ — ಮೊದಲೇ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದವಳ ಹಾಗೆ. ನೀವು ಕೂಸಿನ ಬಾಯಿ ಒರೆಸಿ ತಟ್ಟೆ ಎತ್ತಿಕೊಂಡು ಒಳಗೆ ಹೋದಿರಿ. ಮರುದಿನ ಅಣ್ಣ ನಿಮ್ಮನ್ನು ತವರಿಗೆ ಬಿಟ್ಟು ಬಂದ. ನಾಲ್ಕು ತಿಂಗಳು ಕರೆತರಲಿಲ್ಲ.

ಶೈಲಕ್ಕನಿಗೆ ಮುಂದೆ ಒಳ್ಳೆಯದೇ ಆಯಿತು. ಹೊನವಾಡದವರಿಗೆ ಎಲ್ಲ ಮೊದಲೇ ಹೇಳಿ ಮದುವೆ ಮಾಡಿದೆವು. ಇಂದು ಅವಳು ಸುಖವಾಗಿದ್ದಾಳೆ. ಅದನ್ನೇ ನೆಪ ಮಾಡಿಕೊಂಡು, ಇನ್ನು ಹಳೆಯದನ್ನು ಕೆದಕುವುದೇಕೆ ಎಂದು ಸುಮ್ಮನಿದ್ದೆ. ಆದರೆ ನಿಮಗೆ ಅದು ಹಳೆಯದಾಗಿರಲಿಲ್ಲ. ತವರಿನಿಂದ ಫೋನ್ ಬಂದರೆ ಇವತ್ತಿಗೂ ನೀವು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಯೇ ಮಾತಾಡುತ್ತೀರಿ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಬೇಡವೆಂದೂ ಯಾರೂ ಹೇಳಿಲ್ಲ.

ಹೋದ ತಿಂಗಳು ನಿಮ್ಮ ಅವ್ವ ಜ್ವರ ಬಂದು ಮಲಗಿದ್ದಾಗ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಏನೇನೋ ಮಾತಾಡಿ ಕೊನೆಗೆ ಅವರೆಂದರು: "ಆದದ್ದು ಆತು. ಆದರ ಅವತ್ತ ನೀ ಆ ಮಾತ ಊರಾಗ ಆಡಬಾರದಾಗಿತ್ತವಾ."

ಹೆತ್ತ ತಾಯಿಯೂ ನಂಬಿದ್ದರು — ನೀವೇ ಹೇಳಿದ್ದೆಂದು. ನೀವು ಅಲ್ಲವೆನ್ನಲಿಲ್ಲ. "ಮಾತ್ರಿ ತಗೊಂಡಿ ಇಲ್ಲವಾ?" ಎಂದಷ್ಟೇ ಕೇಳಿದಿರಿ. ನನಗೆ ಕೂತಿರಲಾಗಲಿಲ್ಲ.

ಮೊನ್ನೆ ಶೆಡ್ಡಿನಲ್ಲಿ ಅಣ್ಣನಿಗೆ ಎಲ್ಲ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಬೈಯಲಿಲ್ಲ. "ನಮ್ಮ ಕೂಸು ಮೊದಲ ಹೆಜ್ಜಿ ಇಟ್ಟಿದ್ದು ಅಲ್ಲೆ, ಬಬಲೇಶ್ವರದಾಗ. ನಾ ನೋಡಲಿಲ್ಲ" ಎಂದ. ಆಮೇಲೆ, ನನ್ನ ಮುಖ ನೋಡದೆ, "ನನ್ನ ಮುಂದ ಹೇಳಿ ಏನ ಮಾಡ್ತಿ? ಆಕಿ ಮುಂದ ಹೇಳು. ಅವ್ವನ ಮುಂದನ ಹೇಳು" ಎಂದ.

ಈ ಕಾಗದ ಇವತ್ತೇ ನಿಮ್ಮ ಕೈಗೆ ಕೊಡುತ್ತೇನೆ. ಸಂಜೆ ಅವ್ವ, ಅಪ್ಪ, ಅಣ್ಣ ಎಲ್ಲರೂ ಇರುವಾಗ ಬಾಯಿಬಿಟ್ಟು ಹೇಳುತ್ತೇನೆ. ಅಕ್ಕನಿಗೂ ಬರಹೇಳಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ, ನಿಮ್ಮಿಂದ ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಇನ್ನೂ ಏನನ್ನೋ ಬೇಡಲು ಬಂದಂತಾಗುತ್ತದೆ. ನೀವು ನನ್ನೊಡನೆ ಮತ್ತೆ ಮಾತಾಡದಿದ್ದರೆ, ಅದು ನನಗೆ ಸಲ್ಲಬೇಕಾದದ್ದೇ.

ನಾಳೆ ಮುಂಜಾನೆ ನಾನೊಬ್ಬಳೇ ಬಬಲೇಶ್ವರಕ್ಕೆ ಹೋಗುತ್ತೇನೆ. ನಿಮ್ಮ ಅವ್ವನ ಎದುರು ಕೂತು, ನಿಮ್ಮ ಮಗಳು ಯಾರಿಗೂ ಏನೂ ಹೇಳಿರಲಿಲ್ಲ ಎಂದು ಹೇಳಬೇಕು. ಅವರಿಗೆ ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಬೇಕಾಗುತ್ತದೆ. ಓಣಿಯವರಿಗೂ ಕೇಳಲಿ.