ಎಡಚಿ ಮೂಲೆ

ಈ ಬೆಳಿಗ್ಗೆ ನನ್ನ ಹಳೇ ಗೆಳತಿ ಶಮೀಮ್ ಒಂದು ಚೀಲ ಚೂರುಬಟ್ಟೆ ಕಳಿಸಿದ್ದಾಳೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಅವಳ ತಮ್ಮನ ಟೈಲರ್ ಅಂಗಡಿ. ಅಲ್ಲಿ ಕತ್ತರಿಸಿ ಉಳಿದದ್ದೆಲ್ಲ ಕೊನೆಗೆ ಬಂದು ಸೇರುವುದು ಕೆ.ಆರ್. ಪುರದ ನಮ್ಮ ಈಗಿನ ಮನೆಗೆ. ಚೀಲದ ಬಾಯಿ ಬಿಚ್ಚಿದೆನೋ ಇಲ್ಲವೋ, ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಮಲ್ಲಿಗೆ, ಕೆಲವರಿಗೆ ಕಾಫಿಪುಡಿ. ನನಗೆ ಈ ವಾಸನೆ ಸಿಕ್ಕರೆ ಸಾಕು, ಒಲೆಯ ಮೇಲಿಟ್ಟ ಹಾಲೂ ಮರೆತುಹೋಗುತ್ತದೆ. ಇವತ್ತೂ ಹಾಗೇ ಆಯಿತು. ಉಕ್ಕಿದ ಹಾಲು ಒರೆಸಿ ಬಂದು ನಿಮ್ಮೊಂದಿಗೆ ಹರಟಲು ಕೂತಿದ್ದೇನೆ.

ನಾನು ಎಡಚಿ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಕೊಚ್ಚಿಕೊಳ್ಳುವ ಜಂಭವೆಲ್ಲ ಆ ಕೈಯದೇ. ಹಲಸೂರಿನ ನನ್ನ ತವರಿನಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಊಟಕ್ಕೆ, ಆರತಿಗೆ, ಕುಂಕುಮಕ್ಕೆ ಬಲಗೈ. ಬರೆಯುವುದಕ್ಕೆ, ತರಕಾರಿ ಹೆಚ್ಚುವುದಕ್ಕೆ, ತಮ್ಮನ ಬೆನ್ನಿಗೆ ಗುದ್ದುವುದಕ್ಕೆ ಎಡಗೈ. ಇಷ್ಟು ಒಪ್ಪಂದ ಮಾಡಿಕೊಂಡು ಎಲ್ಲರೂ ಸುಖವಾಗಿದ್ದೆವು. ಮದುವೆಯಾಗಿ ವಿಮಾನಪುರದ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ ಅತ್ತೆಯ ಕೌದಿ ಎದುರಾಯಿತು.

ಕೌದಿ ನಿಮಗೆ ಗೊತ್ತಲ್ಲ, ಹಳೇ ಸೀರೆಯ ಪದರಗಳ ಮೇಲೆ ಚೂರುಬಟ್ಟೆ ಜೋಡಿಸಿ ಸಾಲುಸಾಲಾಗಿ ಹೊಲಿಯುವ ಹೊದಿಕೆ. ನಮ್ಮ ಸಾಲಿನ ಮನೆಗಳಲ್ಲಿ ಯಾರು ಚೊಚ್ಚಲ ಬಸುರಿಯಾದರೂ ಅತ್ತೆಯ ಯಜಮಾನಿಕೆಯಲ್ಲಿ ಒಂದು ಕೌದಿ ಆಗಲೇಬೇಕು. ಅದರ ವಿನ್ಯಾಸ ಅತ್ತೆಗೆ ಅವರ ತಾಯಿಯಿಂದ ಬಂದದ್ದು, ಬದಲಾಯಿಸುವ ಮಾತೇ ಇಲ್ಲ. ನಾಲ್ಕು ಮೂಲೆಗೆ ನಾಲ್ವರು ಕೂರಬೇಕು. ತಮ್ಮ ತಮ್ಮ ಮೂಲೆಯಿಂದ ಹೊರಟು ಅಂಚಿನ ಗುಂಟ ಹೊಲಿಯುತ್ತ, ಸುತ್ತು ಸುತ್ತಾಗಿ ಒಳಗೆ ಸರಿಯುತ್ತ ನಡುವೆ ಸೇರಬೇಕು. ಎಲ್ಲರ ಸೂಜಿಯೂ ಒಂದೇ ದಿಕ್ಕಿಗೆ, ಗುಡಿ ಸುತ್ತುವ ಹಾಗೆ ಪ್ರದಕ್ಷಿಣೆಯಾಗಿ. "ಹಾಗಿದ್ರೇನೇ ಬಟ್ಟೆ ಸಮವಾಗಿ ಕೂರೋದು, ಮಗೂಗೂ ಒಳ್ಳೇದಾಗೋದು," ಎನ್ನುತ್ತಿದ್ದರು ಅತ್ತೆ.

ನನ್ನ ನಾದಿನಿ ಸುಮಾಳ ಸೀಮಂತ ಹತ್ತಿರ ಬಂತು. ಅಲ್ಲಿಯವರೆಗೆ ಅವಳು ಕೂರುತ್ತಿದ್ದ ಮೂಲೆ ಖಾಲಿ, ಏಕೆಂದರೆ ಬಸುರಿ ತನ್ನ ಕೌದಿ ತಾನೇ ಹೊಲಿಯುವಂತಿಲ್ಲ. ಹೊಸ ಸೊಸೆ ನಾನಿದ್ದೆನಲ್ಲ, ನನ್ನನ್ನು ಕೂರಿಸಿದರು. ಒಂದು ಮೂಲೆಗೆ ಅತ್ತೆ, ಇನ್ನೊಂದಕ್ಕೆ ಮಹಡಿಮನೆಯ ಸೆಲ್ವಿ ಅಕ್ಕ, ನನ್ನ ಬಲಕ್ಕೆ ಎದುರುಮನೆಯ ಶಮೀಮ್. ನಾನು ಸೂಜಿಯನ್ನು ಎಡಗೈಗೆ ತೆಗೆದುಕೊಂಡೆ.

"ಏಯ್, ಆ ಕೈ ಬೇಡ," ಎಂದರು ಅತ್ತೆ.

ಸರಿ, ಬಲಗೈಯಲ್ಲಿ ಹೊಲಿದೆ. ಅದನ್ನು ಹೊಲಿಗೆ ಎನ್ನುವುದಾದರೆ ಕೋಳಿ ಕೆದರಿದ್ದನ್ನೂ ರಂಗೋಲಿ ಎನ್ನಬಹುದು. ಸಂಜೆ ನಾನು ಅಡುಗೆಮನೆಗೆ ಹೋದ ಮೇಲೆ ಅತ್ತೆ ಸದ್ದಿಲ್ಲದೆ ಅದನ್ನೆಲ್ಲ ಬಿಚ್ಚುತ್ತಿದ್ದರು. ಮರುದಿನ ನಾನು ಮತ್ತೆ ಮೊದಲಿನಿಂದ ಶುರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು, ಬಿಚ್ಚಿದರೆ ಏನು ಮಾಡುವುದು? ಉಳಿದ ಮೂವರ ಸಾಲುಗಳು ಮುಂದೆ ಮುಂದೆ ಹೋಗುತ್ತಿದ್ದವು, ನನ್ನ ಮೂಲೆ ಮಾತ್ರ ಬೋಳು. ಈ ಮನೆಯಲ್ಲಿ ನನಗೊಂದು ಜಾಗ ಇದೆಯೋ ಇಲ್ಲವೋ ಎಂಬುದೇ ಅಲ್ಲಿ ತೀರ್ಮಾನವಾಗುತ್ತಿದೆ ಅನಿಸಿ ನನಗೆ ಅಳು ಬರುತ್ತಿತ್ತು. ಗಂಡನಿಗೆ ಹೇಳಿದರೆ, "ಒಂದು ಬೆಡ್‌ಶೀಟ್ ವಿಷ್ಯಕ್ಕೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ?" ಎಂದರು. ಕೌದಿಯನ್ನು ಬೆಡ್‌ಶೀಟ್ ಎಂದ ಮನುಷ್ಯನ ಹತ್ತಿರ ಇನ್ನೇನು ಮಾತು!

ಕೊನೆಗೆ ರೇಗಿಹೋಯಿತು. ಒಂದು ಮಧ್ಯಾಹ್ನ ಅತ್ತೆ ರೇಷನ್ ತರಲು ಹೋದಾಗ ಸೂಜಿಯನ್ನು ಎಡಗೈಗೆ ಬದಲಾಯಿಸಿದೆ. ಅಬ್ಬಾ, ಎಂಥ ಸುಖ! ಸರಸರನೆ ಸಾಲು ಹರಿಯಿತು, ಒಂದೊಂದು ಹೊಲಿಗೆಯೂ ಒಂದೇ ಅಳತೆ. ಆದರೆ ಎಡಗೈಯ ಸೂಜಿ ಓಡುವುದೇ ಉಲ್ಟಾ ದಿಕ್ಕಿಗೆ. ಪ್ರದಕ್ಷಿಣೆಯಾಗಿ ಬರುತ್ತಿದ್ದ ಶಮೀಮಳ ಸಾಲೂ, ಅಪ್ರದಕ್ಷಿಣೆಯಾಗಿ ಹೊರಟ ನನ್ನ ಸಾಲೂ ಮುಖಾಮುಖಿಯಾಗಿ ನಿಂತವು. ಎರಡೂ ಕಡೆಯಿಂದ ತಳ್ಳಿಸಿಕೊಂಡ ಬಟ್ಟೆ ನಡುವೆ ಪೂರಿಯ ಹಾಗೆ ಉಬ್ಬಿತು.

"ಅರೆ, ಆಕ್ಸಿಡೆಂಟ್ ಆಯ್ತಲ್ಲ!" ಎಂದು ಶಮೀಮ್ ನಕ್ಕಳು. ಅಷ್ಟರಲ್ಲಿ ಅತ್ತೆ ಬಂದರು, ನೋಡಿದರು.

"ಬಿಚ್ಚು."

"ಬಿಚ್ಚಲ್ಲ ಅತ್ತೆ. ನನ್ ಕೈ ಇದೇ. ಬೇಡ ಅಂದ್ರೆ ಈ ಮೂಲೆ ಬೇರೆಯವರಿಗೆ ಕೊಟ್ಬಿಡಿ. ನಾನು ಎಲ್ರಿಗೂ ಟೀ ಮಾಡ್ಕೊಂಡು ಇರ್ತೀನಿ."

ಸೆಲ್ವಿ ಅಕ್ಕ ದಾರ ಹುಡುಕುವವಳಂತೆ ತಲೆ ತಗ್ಗಿಸಿದಳು. ಅತ್ತೆ ಚಾಪೆಯ ಮೇಲೆ ಕೂತು ನನ್ನ ಸಾಲಿನ ಮೇಲೆ ಬೆರಳಾಡಿಸಿದರು. ಕೌದಿಯನ್ನು ಮಗುಚಿ ಹಿಂಬದಿಯನ್ನೂ ನೋಡಿದರು. ಅಲ್ಲೂ ತಪ್ಪು ಸಿಗಲಿಲ್ಲ, ಸಿಗುವ ಹಾಗೂ ಇರಲಿಲ್ಲ ಬಿಡಿ. ಆಮೇಲೆ ಆ ಉಬ್ಬನ್ನು ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದರು. ಬಟ್ಟೆ ನಡುವಿನ ಕಡೆಗೆ ಸರಿದು ತೆಪ್ಪಗೆ ಮಲಗಿತು. ಸೀಮೆಸುಣ್ಣ ತೆಗೆದುಕೊಂಡು ಅಲ್ಲೊಂದು ಗೆರೆ ಎಳೆದರು.

"ಎದುರುಬದುರು ಬಂದ್ರೆ ಇಬ್ರೂ ಇಲ್ಲಿಂದ ಒಳಕ್ಕೆ ತಿರುಗ್ಕೊಳ್ಳಿ. ಶಮೀಮ್, ನೀನೂ ತಿರುಗ್ಬೇಕು. ಇವಳೊಬ್ಳೇ ಯಾಕೆ ತಿರುಗ್ಬೇಕು?"

ತಾಯಿಯಿಂದ ಬಂದ ವಿನ್ಯಾಸವನ್ನು ಅವರೇ ಬದಲಾಯಿಸಿದರು, ಅದೂ ರೇಷನ್ ಚೀಲ ಇನ್ನೂ ಒಳಗಿಡುವ ಮೊದಲೇ. ನಾವಿಬ್ಬರೂ ತಿರುಗಿದೆವು. ಎರಡು ಕಡೆಯ ಸಾಲುಗಳು ಕೂಡಿ ವೀಳ್ಯದೆಲೆಯ ತುದಿಯ ಹಾಗೆ ಒಳಗೆ ಚಾಚಿಕೊಂಡವು. ಉಳಿದ ಮೂರು ಮೂಲೆಗಿಂತ ಅದೇ ಚೆನ್ನಾಗಿತ್ತು. ನಾನು ಹೇಳಿದರೆ ನಂಬಬೇಡಿ, ಶಮೀಮಳನ್ನು ಕೇಳಿ.

ಸೀಮಂತದ ದಿನ ಬೀಗರ ಕಡೆಯ ಹೆಂಗಸೊಬ್ಬರು ಕೌದಿ ಬಿಡಿಸಿ, "ಇದೇನ್ರೀ, ಈ ಕಡೆ ತಪ್ಪಾಗಿದೆ?" ಎಂದರು. ಕೋಸಂಬರಿ ಬಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

"ತಪ್ಪಲ್ಲ ರೀ," ಎಂದರು ಅತ್ತೆ, ಪಂಕ್ತಿಯ ಕೊನೆಯವರಿಗೂ ಕೇಳುವಂತೆ. "ಅದು ನನ್ನ ಸೊಸೆ ಮೂಲೆ."

ಅವತ್ತು ಕೋಸಂಬರಿ ಯಾರಿಗೆ ಎಷ್ಟು ಬಿತ್ತೋ ನನಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಕ್ವಾರ್ಟರ್ಸಿನಲ್ಲಿ ಅದಕ್ಕೆ ಎಡಚಿ ಮೂಲೆ ಎಂದೇ ಹೆಸರಾಯಿತು. ಬಲಗೈಯವರಿಗೆ ಅದು ಬಾರದು, ಹಾಗಾಗಿ ನನಗೇ ಕರೆ. ಶಮೀಮಳ ನೆಂಟರಿದ್ದ ಶಿವಾಜಿನಗರದಿಂದಲೂ ಬುಲಾವ್ ಬರುತ್ತಿತ್ತು. "ನಮ್ಮನೆ ಎಡಚಿ ಬೇಕು ಅಂದ್ರೆ ಮುಂಚೆನೇ ಹೇಳ್ಬೇಕು," ಎಂದು ಅತ್ತೆ ಸಿನಿಮಾ ನಟಿಯ ಮ್ಯಾನೇಜರಿನಂತೆ ಗತ್ತು ತೋರಿಸುತ್ತಿದ್ದರು.

ಕಳೆದ ವರ್ಷ ಅತ್ತೆಗೆ ಸ್ಟ್ರೋಕ್ ಆಗಿ ಬಲಗೈಯ ಸ್ವಾಧೀನ ತಪ್ಪಿತು. ಅಂದಿನಿಂದ ಕೌದಿಯ ಮಾತೆತ್ತಿದರೆ ಗೋಡೆಯ ಕಡೆ ಹೊರಳಿ ಮಲಗುತ್ತಾರೆ. ಈಗಿನ ಈ ಚೀಲ ಶಮೀಮಳ ಮೊಮ್ಮಗುವಿನ ಕೌದಿಗೆ. ಅತ್ತೆಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಲೇ ಅದನ್ನು ಸೂಜಿ-ದಾರದ ಸಮೇತ ಅವರ ಮಂಚದ ಪಕ್ಕ ಇಟ್ಟು ಬಂದಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಅತ್ತೆ ಕೂಗಿದರು. ಹೋಗಿ ನೋಡಿದರೆ ಮಡಿಲಲ್ಲಿ ಹಸಿರು ಚೂರೊಂದು, ಎಡಗೈಯಲ್ಲಿ ಸೂಜಿ.

"ಇದನ್ನ ಹೇಗೇ ಹಿಡೀತೀಯ? ತೋರ್ಸು."

ತೋರಿಸಿದೆ. ಬಟ್ಟೆ ಜಾರದಂತೆ ನಾನು ಹಿಡಿದುಕೊಂಡೆ. ಅತ್ತೆ ನಾಲಿಗೆ ಕಚ್ಚಿಕೊಂಡು ಒಂದು ಗೇಣು ಹೊಲಿದರು. ಸೊಟ್ಟಂಬಟ್ಟ. ನೋಡಿ ಅವರೇ ನಕ್ಕರು, ಆಮೇಲೆ ಶಮೀಮಳಿಗೆ ವಿಡಿಯೊ ಕಾಲ್ ಮಾಡಿಸಿದರು.

"ಅಯ್ಯೋ ಅಮ್ಮಾ, ನೀವೂನಾ!" ಎಂದು ಕಿರುಚಿದಳು ಶಮೀಮ್. "ಈಗ ನಾನೇ ಉಲ್ಟಾ ಆಗ್ಬಿಟ್ನಲ್ಲ!"

"ಉಲ್ಟಾ ಗಿಲ್ಟಾ ಏನಿಲ್ಲ, ನೀನು ಬಾ," ಎಂದರು ಅತ್ತೆ. ಫೋನ್ ನನ್ನ ಬಲಗೈಯಲ್ಲಿತ್ತು. ಅವರು ಸೂಜಿ ಬಿಟ್ಟು, ನನ್ನ ಎಡಗೈಯನ್ನು ಹಿಡಿದು ಫೋನಿನ ಮುಂದಕ್ಕೆ ಎತ್ತಿದರು. "ಇವಳು ಹೇಳ್ಕೊಟ್ಲು ಕಣೇ. ಈ ಕೈ ನೋಡು."