ತೂಗದ ಹುಲ್ಲು

ಐವತ್ತರ ದಶಕದ ಮಾತು. ಕೃಷಿ ಕಾಲೇಜಿನಲ್ಲಿ ಸಣ್ಣ ಕೆಲಸಕ್ಕೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಕಾಲೇಜಿನ ಹೊಲದಲ್ಲಿ ಹೊಸ ರಾಗಿ ತಳಿ ಚೆನ್ನಾಗಿ ಬಂದಿತ್ತು. ರೈತರಿಗೆ ತಿಳಿಸಿ ಬಾ ಅಂತ ಸೈಕಲ್ಲಿಗೆ ಬೀಜದ ಚೀಲ ಕಟ್ಟಿ ನನ್ನನ್ನು ಕುರುಬರಹಳ್ಳಿಗೆ ಅಟ್ಟಿದರು. ಅಲ್ಲಿನ ಗೋಮಾಳದಲ್ಲಿ ಆಗಲೇ ರಾಜಾಜಿನಗರದ ಸೈಟಿನ ಕಲ್ಲು ನೆಟ್ಟಿದ್ದರು. ದನ ಬಿಡಲು ಜಾಗವಿಲ್ಲ, ರಾಗಿ ಹುಲ್ಲು ಹಾಕಿಯೇ ಸಾಕಬೇಕು. ಆದರೂ ಮನೆಮನೆಯಲ್ಲಿ ಹಸು. ಹಾಲೆಲ್ಲ ಮಲ್ಲೇಶ್ವರಕ್ಕೆ.

ಅರಳಿಕಟ್ಟೆಯಲ್ಲಿ ಜನರನ್ನು ಕೂರಿಸಿ ಪುಸ್ತಕದ ಕನ್ನಡದಲ್ಲಿದ್ದ ಕರಪತ್ರ ಓದತೊಡಗಿದೆ. ಮೊದಲ ಸಾಲಿಗೇ ಒಬ್ಬ ಮುದುಕರು ಕೈಯೆತ್ತಿದರು.

"ಸ್ವಾಮಿ, ಇದನ್ನ ಕನ್ನಡದಾಗೆ ಹೇಳಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಗದ ಮಡಚಿ, ಕಾಳು ಹೆಚ್ಚು, ಬೇಗ ಕೊಯ್ಲಿಗೆ ಬರುತ್ತೆ ಅಂತ ಬಾಯಲ್ಲೇ ಹೇಳಿದೆ.

ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು. "ಹುಲ್ಲೆಷ್ಟು ಬತ್ತದೆ?"

ಗಂಡ ಮಕ್ಕಳಿಲ್ಲದ ಜೀವ. ಒಂದು ತುಂಡು ಹೊಲ, ಒಂದು ಹಸು. ಜೀವನ ಸಾಗುತ್ತಿದ್ದುದು ಆ ಹಾಲಿನಿಂದಲೇ. ಕಾಲೇಜಿನಲ್ಲಿ ನಾವು ಕಾಳನ್ನು ಎರಡೆರಡು ಸಲ ತೂಗಿದ್ದೆವು, ಹುಲ್ಲನ್ನು ಮೂಲೆಗೆ ಎಳೆಸಿ ಹಾಕಿದ್ದೆವು. ಗೊತ್ತಿಲ್ಲ ಅಜ್ಜಿ ಅನ್ನಬಹುದಿತ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ.

"ನಿಮ್ಮ ರಾಗಿಯಷ್ಟೇ ಬರುತ್ತೆ."

"ಆಣೆಗೂ?"

"ಹೂಂ ಅಂದ್ನಲ್ಲಜ್ಜಿ."

ಮಿಕ್ಕವರು ಹೊಲದ ಒಂದು ಮೂಲೆಗಾಗುವಷ್ಟು ಬೀಜ ಕಟ್ಟಿಕೊಂಡರು. ಅಜ್ಜಿ ಇಡೀ ಹೊಲಕ್ಕೆ ಕೇಳಿದರು.

"ಏನಮ್ಮೀ, ಕಾಲೇಜಿನೋರು ನಿಂಗೆ ಮಗ ಆಗೋದ್ರಾ?" ಅಂತ ಮುದುಕರು ರೇಗಿಸಿದರು.

"ಆಗ್ಲಿ ಬಿಡಣ್ಣ. ನಿನ್ನಂಗೆ ಕಟ್ಟೆ ಮ್ಯಾಲೆ ಕುಂತು ಬಾಯಲ್ಲಿ ಉಳೋ ಮಗನಿಗಿಂತ ವಾಸಿ."

ಮಳೆ ಹದವಾಗಿ ಬಂತು. ಕಳೆ ಕೀಳುವಾಗ ಅಜ್ಜಿ ತಮ್ಮ ಮೊಣಕಾಲು ಮುಟ್ಟಿ ತೋರಿಸಿ, "ಪೈರು ಇಲ್ಲಿಗೇ ನಿಂತೋಯ್ತಲ್ಲ ಸ್ವಾಮಿ?" ಅಂದರು. ಇನ್ನೂ ಏಳುತ್ತೆ ಅಂದೆ. ಏಳಲಿಲ್ಲ. ತೆನೆ ಮಾತ್ರ ಮುಷ್ಟಿಯಂತೆ ಕಟ್ಟಿತು. ಪ್ರತಿ ವರ್ಷ ಮನೆಯ ಸೂರು ಮೀರುತ್ತಿದ್ದ ಹುಲ್ಲಿನ ಮೆದೆ ಆ ಸಲ ನನ್ನ ಎದೆಗೆ ಬಂತು.

ಕಾಲೇಜಿಗೆ ಹೋಗಿ ಸಾಹೇಬರಿಗೆ ಹೇಳಿದೆ. "ಇಳುವರಿ ಬರೆಯೋ ಫಾರಮ್ಮಿನಲ್ಲಿ ಹುಲ್ಲಿಗೆ ಕಾಲಂ ಎಲ್ಲಿದೆಯಪ್ಪಾ?" ಅಂದರು. ಬೈಯಲೂ ಇಲ್ಲ. ಮೂಲೆಯಲ್ಲಿ ಬಿದ್ದಿದ್ದ ಹುಲ್ಲನ್ನೇ ಸೈಕಲ್ಲಿಗೆ ಕಟ್ಟಿ ನಾಲ್ಕು ಸಲ ಅಜ್ಜಿಗೆ ಮುಟ್ಟಿಸಿದೆ. ಐದನೆಯ ಸಲ ಗೇಟಿನವರು ತಡೆದರು. ಸರ್ಕಾರಿ ಹುಲ್ಲಂತೆ. ಊರವರು ಕೊಡೋಣವೆಂದರೆ ಅವರವರ ಕೊಟ್ಟಿಗೆಯಲ್ಲೂ ಬಾಯಿಗಳಿದ್ದವು.

ಯುಗಾದಿಗೆ ಮುಂಚೆ ಒಂದು ಸಂಜೆ ಹೋದಾಗ ಹಸು ಇರಲಿಲ್ಲ.

"ಮಾರ್ಬಿಟ್ಟೆ. ಕೆಂಗೇರಿ ಕಡೆಯೋರು ಹೊಡ್ಕೊಂಡೋದ್ರು. ಅಲ್ಲಿ ಮೇವದಂತೆ," ಅಂದರು ಅಜ್ಜಿ.

"ನನ್ನನ್ನ ಬೈದಾದ್ರೂ ಬಿಡಿ ಅಜ್ಜಿ."

"ಬೈದ್ರೆ ಹಸ ಬತ್ತದಾ? ರಾಗಿ ಏನೂ ಸುಳ್ಳಾಡ್ಲಿಲ್ಲ ಬಿಡಿ."

ಆ ರಾಗಿಯದೇ ಮುದ್ದೆ ತಿರುವಿ, ಸೊಪ್ಪಿನ ಸಾರು ಬಿಟ್ಟು ನನ್ನ ಮುಂದಿಟ್ಟರು. ಮಲ್ಲೇಶ್ವರದ ಮನೆಗಳಿಗೆ ಹಾಲು ಹಾಕಲು ಹೊರಡುವ ಹೊತ್ತು ಅದು. ಅಜ್ಜಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ನಾನು ಉಂಡು ಮುಗಿಸುವವರೆಗೂ ಎದುರಿಗೇ ಕೂತಿದ್ದರು.