ಅಪ್ಪ ಕರೆದರೆ ಮಾತ್ರ

ಮೊನ್ನೆ ವಿಜಯನಗರದ ಮಗಳ ಮನೆಗೆ ಹೋಗಿದ್ದೆ. ಐದು ವರ್ಷದ ಮೊಮ್ಮಗಳು ನೆಗಡಿಯ ಮೂಗು ಸೊರ್ ಸೊರ್ ಎನ್ನಿಸುತ್ತಾ, ಬಾಯಿ ತೆರೆದುಕೊಂಡು ಟಿವಿಗೆ ಅಂಟಿ ಕೂತಿದ್ದಳು. ಸೌಂಡ್ ಎಷ್ಟಿತ್ತೆಂದರೆ ಪಕ್ಕದ ಮನೆಯವರೂ ಅದೇ ಕಾರ್ಟೂನ್ ಕೇಳುತ್ತಿದ್ದಿರಬೇಕು. ಹೆಸರು ಹಿಡಿದು ಕರೆದೆ. ಕತ್ತು ತಿರುಗಲಿಲ್ಲ. ಹೆದರಿಕೆಯೇನೂ ಆಗಲಿಲ್ಲ, ಈ ಕಾಯಿಲೆ ನನಗೆ ಹಳೆಯ ಪರಿಚಯ. ಆದರೆ ಅದರ ಜೊತೆಗೇ ನಮ್ಮ ಯಜಮಾನರ ನೆನಪೂ ಬಂದು ಕೂತುಬಿಟ್ಟಿತು.

ಅವರಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ದಿನವಿಡೀ ತಗಡು ಒತ್ತುವ ಯಂತ್ರದ ಮುಂದೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಇಡೀ ಬೀದಿಗೆ ಕೇಳಿಸುವಂಥ ಗಂಟಲು. ನನಗೋ ನಾಚಿಕೆ. ಆಗ ಮಗಳಿಗೆ ನಾಲ್ಕು ವರ್ಷ. ಊಟಕ್ಕೆ, ಸ್ನಾನಕ್ಕೆ ಎಷ್ಟು ಕರೆದರೂ ನನ್ನ ಮಾತು ಅವಳಿಗೆ ಲೆಕ್ಕಕ್ಕಿಲ್ಲ. ಶಿಫ್ಟ್ ಬಸ್ಸಿಳಿದ ಅವರು ಬೀದಿ ತುದಿಯಿಂದ ಕೂಗಿದರೆ ಸಾಕು, ಹಿತ್ತಲಲ್ಲಿದ್ದವಳು ಬರಿಗಾಲಲ್ಲಿ ಓಡುತ್ತಿದ್ದಳು. ಅಪ್ಪನ ಮಗಳು ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಪ್ರೀತಿಯಿಂದ ಕರೆಯಬೇಕು, ಆಗ ಬರುತ್ತಾಳೆ ಎಂದು ನನಗೇ ಪಾಠ. ಹೆತ್ತವಳಿಗೆ ಹೊಟ್ಟೆ ಉರಿಯುವುದಿಲ್ಲವೇ, ನೀವೇ ಹೇಳಿ.

ಕೊನೆಗೆ ಶಿಶುವಿಹಾರದ ಮಿಸ್ಸು, ಹಾಜರಿ ಕೂಗಿದರೆ ಮಗು ಓಗೊಡುವುದಿಲ್ಲ, ಕಿವಿ ತೋರಿಸಿ ಎಂದರು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಪದೇ ಪದೇ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ನಿಂತಿದೆ, ಮೆಲ್ಲಗೆ ಮಾತಾಡಿದರೆ ಕೇಳಿಸುವುದಿಲ್ಲ, ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ ಎಂದರು. ಹೆಚ್ಚಾಗಿ ತಾನೇ ಇಳಿಯುತ್ತದಂತೆ. ಮತ್ತೆ ಕರೆತಂದು ತೋರಿಸಬೇಕು, ಅಲ್ಲಿಯವರೆಗೆ ಎದುರು ನಿಂತು ಗಟ್ಟಿಯಾಗಿ ಮಾತಾಡಬೇಕು.

ಹೊರಗೆ ಬಂದ ಯಜಮಾನರು ಸ್ಕೂಟರಿಗೆ ಕೀಲಿ ಹಾಕಿ ನನ್ನ ಕಡೆ ತಿರುಗಿದರು.

"ಅಂದ್ರೆ ನನ್ ಗಂಟಲಿಗೆ ಬತ್ತಿದ್ಲು, ಪ್ರೀತಿಗಲ್ಲ ಅನ್ನು."

ನಾನು ನಕ್ಕೆ. ಅವರು ನಗಲಿಲ್ಲ.

ಬೇಸಿಗೆಯ ಹೊತ್ತಿಗೆ ಮಗಳ ಕಿವಿ ಸರಿಹೋಯಿತು. ನಾನು ಕರೆದರೂ ಬಂದಳು, ಪಕ್ಕದ ಮನೆಯವರು ಕರೆದರೂ ಬಂದಳು. ಯಜಮಾನರು ಮಾತ್ರ ಬೀದಿಯಿಂದ ಕೂಗುವುದನ್ನು ಬಿಟ್ಟರು. ಗೇಟು ತೆಗೆದು ಒಳಗೆ ಬಂದು, ಚಪ್ಪಲಿ ಬಿಟ್ಟು, ಮೆಲ್ಲಗೆ ಮಾತಾಡಿಸುತ್ತಿದ್ದರು. ನಾನು ಅಷ್ಟು ದಿನ ಬಯಸಿದ್ದ ಮೆದು ದನಿ ಸಿಕ್ಕಿತು, ಆದರೆ ನಮ್ಮ ಸಂಜೆಗಳು ಬಿಕೋ ಎನ್ನತೊಡಗಿದವು.

ಮೊನ್ನೆ ಮಗಳಿಗೆ ಇದೆಲ್ಲ ನೆನಪಿಸಿ, ಮಗುವಿನ ಕಿವಿ ತೋರಿಸು ಅಂದೆ. ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ನಂಗೆ ನೆನಪೈತೆ ಕಣಮ್ಮ. ಕಿವಿ ಸರಿಹೋದ್ಮೇಲೂ ಸಾಯಂಕಾಲ ಹಿತ್ತಲಲ್ಲೇ ಕೂತಿರ್ತಿದ್ದೆ. ಅಪ್ಪ ಬೀದಿಯಿಂದ ಕೂಗ್ಲಿ, ಓಡೋಗೋಣ ಅಂತ. ಅವರು ಕೂಗೋದೇ ಬಿಟ್ಬುಟ್ರು."

ಅವರು ಹೋಗಿ ನಾಲ್ಕು ವರ್ಷವಾಯಿತು. ಆಗ ಒಂದೇ ಮನೆಯಲ್ಲಿ ಅವಳು ಕರೆಗೆ ಕಾದಿದ್ದಾಳೆ, ಕರೆಯದೆಯೂ ಬಂದಾಳೆಂದು ಅವರು ಕಾದಿದ್ದಾರೆ. ಇಬ್ಬರಿಗೂ ಊಟ ಬಡಿಸುತ್ತಿದ್ದ ನನಗೆ ಒಂದೂ ತಿಳಿದಿರಲಿಲ್ಲ. ಈಗ ಅವರಿದ್ದಿದ್ದರೆ ಗೇಟಿನ ಹೊರಗೇ ತಡೆದು ನಿಲ್ಲಿಸುತ್ತಿದ್ದೆ. ರೀ, ಒಂದ್ಸಲ ಗಟ್ಟಿಯಾಗಿ ಕರೀರಿ, ಕಾಯ್ತಾ ಕೂತವ್ಳೆ ಎನ್ನುತ್ತಿದ್ದೆ.